ಬಿಸಿಲಿಗೆ ಬೇಯಿಸಿದ ಶುಂಠಿ ಹೊಲ

"ಮಣ್ಣಿಗೂ ಚಳಿಯಾಗುತ್ತದೇನೋ, ಹೊದಿಸಿ ಮಲಗಿಸಿದ್ದೀಯಲ್ಲ?" ಎಂದು ಪಕ್ಕದ ಜಮೀನಿನ ದೊಡ್ಡಪ್ಪ ಬೇಲಿಯಾಚೆಯಿಂದ ನಕ್ಕಿದ್ದರು. ಈ ಸಲ ಬಿತ್ತನೆ ಶುಂಠಿಗೆ ನಮ್ಮ ಮನೆಗೇ ಬಂದರು.

ಹಾಸನ ಜಿಲ್ಲೆಯ ಆಲೂರು ಕಡೆಯ ನನ್ನ 10 ಗುಂಟೆ ಶುಂಠಿ ಹೊಲ ಅದು. ಕೇರಳದಿಂದ ಬರುವ ಗುತ್ತಿಗೆದಾರರಿಗೆ ಒಂದು ಬೆಳೆ ತೆಗೆದು ಬೇರೆ ಹೊಲ ಹುಡುಕುವ ಅನುಕೂಲವಿದೆ, ನನಗಿಲ್ಲ. ಎಲೆ ಸುರುಳಿಕೊಂಡ ಗಿಡದ ಕಾಂಡ ಕತ್ತರಿಸಿ ಲೋಟದ ನೀರಿಗೆ ಇಳಿಬಿಟ್ಟೆ. ಹಾಲಿನಂಥ ಎಳೆ ಇಳಿಯಿತು. ದುಂಡಾಣು ಸೊರಗು, ಮಣ್ಣಿನಲ್ಲೇ ಉಳಿಯುವ ಬ್ಯಾಕ್ಟೀರಿಯಾ ರೋಗ. ಬ್ಲೀಚಿಂಗ್ ಪೌಡರ್, ತಾಮ್ರದ ಔಷಧ, ಅಂಗಡಿಯವರು ಕೊಟ್ಟ ಹೆಸರಿಲ್ಲದ ಪುಡಿ, ಎಲ್ಲ ಸೇರಿ ಹದಿನೈದು ಸಾವಿರ ಮಣ್ಣುಪಾಲಾಯಿತು.

ಬಿಸಿಲಿಗೆ ಮಣ್ಣು ಕಾದು ರೋಗ ಸಾಯಲೆಂದು ಮೊದಲ ವರ್ಷ ಟೊಮೆಟೊಗೆ ತಂದು ಉಳಿದಿದ್ದ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಒಣ ಮಣ್ಣಿನ ಮೇಲೆ ಹಾಸಿದೆ. ಕಳೆ ಸತ್ತಿತು, ರೋಗ ಸಾಯಲಿಲ್ಲ. ಮರುವರ್ಷ ಮಾರ್ಚ್ ಮೊದಲ ವಾರ ಮಡಿಗಳನ್ನು ಚೆನ್ನಾಗಿ ನೆನೆಸಿ, 25 ಮೈಕ್ರಾನಿನ ಪಾರದರ್ಶಕ ಹಾಳೆ ಹೊದಿಸಿ ಅಂಚಿಗೆ ಮಣ್ಣು ತುಳಿದೆ. ಮೂವತ್ತು ಕಿಲೋ ಹಾಳೆ, ಐದಾರು ಸಾವಿರ ರೂಪಾಯಿ. ಮಧ್ಯಾಹ್ನ ಎರಡು ಇಂಚು ಆಳದಲ್ಲಿ 50 ಡಿಗ್ರಿ ದಾಟುತ್ತಿತ್ತು, ಅರ್ಧ ಅಡಿಯಲ್ಲಿ ನಲವತ್ತರ ಆಸುಪಾಸು. ಏಪ್ರಿಲಿನ ಆಲಿಕಲ್ಲು ಮಳೆ ಹಾಳೆಯನ್ನು ಜರಡಿ ಮಾಡಿತು. ಟೇಪು ಅಂಟಿಸುತ್ತಾ ಎರಡು ದಿನ ಮಂಡಿಯೂರಿ ತೆವಳಿದೆ.

45 ದಿನ ಕಳೆದ ಮೇಲೆ ಹಾಳೆ ತೆಗೆದು, ಮಣ್ಣಿಗೆ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣದ ನೀರು. ಕೋಯಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುವ ಲೆಕ್ಕವೇ, ನೂರು ಲೀಟರಿಗೆ 3 ಕಿಲೋ. ಕರಗಿಸುವಾಗ ಬಕೆಟ್ಟು ಕೈಗೆ ಬೆಚ್ಚಗಾಗುತ್ತದೆ, ಗಾಬರಿ ಬೇಡ. ಚೀಲದ ಬಾಯಿ ಮಾತ್ರ ತೆರೆದಿಡಬೇಡಿ. ನಾನು ಒಂದು ರಾತ್ರಿ ಮರೆತೆ, ಬೆಳಿಗ್ಗೆ ನೋಡಿದರೆ ಚೀಲದ ತುಂಬ ಪಾಯಸ. ಹಾಳೆ ತೆಗೆದು ಎಷ್ಟು ದಿನಕ್ಕೆ ಸುರಿದೆ, ಜೊತೆಗೆ ಏನು ಬೆರೆಸಿದೆ ಎಂಬುದನ್ನು ಇನ್ನೊಂದು ಬೆಳೆ ನೋಡಿದ ಮೇಲೆ ಹೇಳುತ್ತೇನೆ. ಬಿತ್ತನೆ ಗಡ್ಡೆ ಶುದ್ಧವಿರದಿದ್ದರೆ ಇದೆಲ್ಲ ದಂಡ, ಅದು ನಿಮಗೂ ಗೊತ್ತು.

ಕೊಳೆತ ಆವಿಗೂ ರೋಗ ಸಾಯುತ್ತದೇನೋ ಎಂದು ಒಂದು ಮಡಿಯಲ್ಲಿ ಹಾಳೆಯಡಿ ಎಲೆಕೋಸಿನ ಸಿಪ್ಪೆ ಹೂತು ನೋಡಿದೆ. ಬಂದದ್ದು ಊರೆಲ್ಲ ಮೂಗು ಮುಚ್ಚುವ ವಾಸನೆ ಮಾತ್ರ.

ರಿಗೋಡಿ ತಳಿ, 60 ಕಿಲೋ ಮೂಟೆಯ ಲೆಕ್ಕದಲ್ಲಿ ಐವತ್ತೈದೋ ಅರವತ್ತೋ ಸಿಕ್ಕಿತು. ಅದೇ ನೆಲದಲ್ಲಿ ಹಿಂದಿನ ಬಾರಿ ಕಿತ್ತದ್ದು ಒಂಬತ್ತು ಮೂಟೆ. ಸತ್ತದ್ದು ಬದುವಿನ ಪಕ್ಕದ ಸಾಲಿನ ಹತ್ತು ಹನ್ನೆರಡು ಗಿಡ. ಹಾಳೆಯ ಅಂಚಿನಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ. ಬರುವ ಮಾರ್ಚಿಗೆ ಬದುವಿನ ಮೇಲೂ ಎರಡಡಿ ಹಾಳೆ ಎಳೆಯುತ್ತೇನೆ. ಬದು ಅರ್ಧ ದೊಡ್ಡಪ್ಪನವರದು, ಈ ಸಲ ಅವರು ಬೇಡವೆನ್ನಲಾರರು.