ಟೆಹಾನು ನನಗೆ ದಕ್ಕಿದ್ದು ಎರಡನೇ ಸಲಕ್ಕೆ

ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಮಾವ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಿಂದ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಎಂಬ ಮಾಂತ್ರಿಕಲೋಕದ ಕಾದಂಬರಿ ಸರಣಿಯ ಮೂರು ಪುಸ್ತಕ ತಂದುಕೊಟ್ಟಿದ್ದರು. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿತ್ತು, ಆದರೂ ಬಿಡಲಿಲ್ಲ. ಗಾಂಟ್ ದ್ವೀಪದಲ್ಲಿ ಮೇಕೆ ಕಾಯುತ್ತಿದ್ದ ಗೆಡ್ ಮಹಾಮಾಂತ್ರಿಕನಾಗುತ್ತಾನೆ. ಅವನ ಮೈಬಣ್ಣ ಕೆಂಪುಗಂದು ಅಂತ ಓದಿದಾಗ ಆದ ಖುಷಿ ಇನ್ನೂ ನೆನಪಿದೆ.

ಆ ಮೂರು ಬಂದದ್ದು 1968ರಿಂದ 1972ರೊಳಗೆ. ನಾಲ್ಕನೆಯದು, ‘ಟೆಹಾನು’, 1990ರಲ್ಲಿ. ಡಿಗ್ರಿಯಲ್ಲಿದ್ದಾಗ ಅದು ಸಿಕ್ಕಿತು. ಶಕ್ತಿಯೆಲ್ಲ ಬರಿದಾದ ಗೆಡ್‌ನನ್ನು ಡ್ರ್ಯಾಗನ್ ಹೊತ್ತು ತಂದು ಇಳಿಸುತ್ತದೆ. ಅವನು ಅಳುತ್ತಾನೆ, ರಾಜನ ಕಡೆಯವರು ಬಂದರೆ ಅಡಗಿಕೊಳ್ಳುತ್ತಾನೆ. ನನ್ನ ಗೆಡ್‌ನನ್ನು ಹೀಗೆ ಮಾಡಿಬಿಟ್ಟರಲ್ಲ ಅಂತ ಸಿಟ್ಟು ಬಂದು ಅರ್ಧಕ್ಕೇ ಮುಚ್ಚಿಟ್ಟೆ.

ಮತ್ತೆ ಕೈಗೆತ್ತಿಕೊಂಡದ್ದು ಅಪ್ಪ ಹಾಸಿಗೆ ಹಿಡಿದ ವರ್ಷ. ರಾತ್ರಿ ಅವರ ಪಕ್ಕ ಕೂತು ದಿನಕ್ಕೆ ಹತ್ತು ಪುಟ, ಅಷ್ಟೇ. ಹಳೆಯ ಮೂರನ್ನು ಬೇಕೆಂದೇ ಅಟ್ಟದ ಮೇಲೆ ಬಿಟ್ಟೆ. ಅವು ಕೈಯಲ್ಲಿದ್ದರೆ ಹೋಲಿಸುತ್ತಲೇ ಕೂರುತ್ತಿದ್ದೆ. ಇನ್ನೊಂದು, ಗೆಡ್‌ಗಾಗಿ ಕಾಯುವುದನ್ನು ಬಿಟ್ಟು ಟೆನಾರಳ ಬೆನ್ನು ಹಿಡಿದೆ. ಎರಡನೇ ಪುಸ್ತಕದಲ್ಲಿ ಅಟುವಾನಿನ ಗೋರಿಗಳ ಕತ್ತಲಿನಿಂದ ಹೊರಬಂದ ಹುಡುಗಿ ಇಲ್ಲಿ ರೈತನ ವಿಧವೆ, ಬೆಳೆದ ಮಕ್ಕಳ ತಾಯಿ. ಬೆಂಕಿಯಲ್ಲಿ ಸುಟ್ಟು ಒಂದು ಕಣ್ಣು ಕಳೆದುಕೊಂಡ ಮಗುವೊಂದನ್ನು ಸಾಕುತ್ತಿದ್ದಾಳೆ.

ಮುದಿ ಮಾಂತ್ರಿಕ ಓಗಿಯನ್ ಸಾಯುವ ಭಾಗಕ್ಕೆ ಬಂದಾಗ ಪುಸ್ತಕ ನನ್ನದಾಯಿತು. ಕೊನೆಗಳಿಗೆಯಲ್ಲಿ ಅವನು ತನ್ನ ನಿಜನಾಮವನ್ನು, ಆ ಲೋಕದಲ್ಲಿ ತೀರಾ ನಂಬಿದವರಿಗಷ್ಟೇ ಹೇಳುವ ಗುಟ್ಟಿನ ಹೆಸರನ್ನು, ಟೆನಾರಳಿಗೆ ಹೇಳಿರುತ್ತಾನೆ. ಆಮೇಲೆ ಬಂದ ಇಬ್ಬರು ಮಾಂತ್ರಿಕರು ಆ ಹೆಸರೇನಿರಬಹುದು ಅಂತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಅವಳು ಹೇಳುತ್ತಾಳೆ, ಅವರ ಕಿವಿಗೇ ಬೀಳುವುದಿಲ್ಲ. ದನಿಯೆತ್ತಿ ಮತ್ತೆ ಹೇಳಬೇಕಾಗುತ್ತದೆ. ಅಪ್ಪನಿಗೆ ರಾತ್ರಿ ಎಷ್ಟು ಹೊತ್ತಿಗೆ ಉಸಿರು ಕಟ್ಟಿತು ಅಂತ ವಾರ್ಡಿನಲ್ಲಿ ನಾನು ಮೂರು ಸಲ ಹೇಳಿದ್ದೆ. ಡಾಕ್ಟರು ಮಾತಾಡಿದ್ದು ಮಾತ್ರ ನನ್ನ ತಮ್ಮನ ಹತ್ತಿರ. ಆ ಪುಟವನ್ನು ಎರಡು ಸಲ ಓದಿದೆ.

ಈ ಪುಸ್ತಕದಲ್ಲಿ ಮಾಂತ್ರಿಕತೆ ಕಮ್ಮಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಮುದಿ ನೇಕಾರನೊಬ್ಬನ ಬಳಿ ರೇಷ್ಮೆಯ ಬೀಸಣಿಗೆ ಇದೆ. ಒಂದು ಮಗ್ಗುಲಲ್ಲಿ ಅರಮನೆಯ ಗಂಡಸರು ಹೆಂಗಸರು, ಇನ್ನೊಂದರಲ್ಲಿ ಡ್ರ್ಯಾಗನ್‌ಗಳು. ಬೆಳಕಿಗೆ ಹಿಡಿದರೆ ಎರಡೂ ಚಿತ್ರ ಒಂದಾಗುತ್ತವೆ, ಮನುಷ್ಯರಿಗೆ ರೆಕ್ಕೆ, ಡ್ರ್ಯಾಗನ್‌ಗಳಿಗೆ ಮನುಷ್ಯರ ಕಣ್ಣು. ಮೂರು ಪುಸ್ತಕದ ಯಾವ ಮಂತ್ರವೂ ನನ್ನನ್ನು ಹಾಗೆ ಹಿಡಿದು ನಿಲ್ಲಿಸಿರಲಿಲ್ಲ. ಕೊನೆಯಲ್ಲಿ ಗೆಡ್ ಟೆನಾರಳ ಮನೆಯ ಮುಸುರೆ ತೊಳೆಯುವಾಗ ನನಗೆ ಸಿಟ್ಟು ಬರಲಿಲ್ಲ.

ಮುಗಿಸಿದ ಮೇಲೆ ಅಟ್ಟದಿಂದ ಎರಡನೇ ಪುಸ್ತಕ ಇಳಿಸಿದೆ. ಅದು ಶುರುವಾಗುವುದೇ ತಾಯಿಯೊಬ್ಬಳು ಟೆನಾರ್ ಅಂತ ಮಗಳನ್ನು ಮನೆಗೆ ಕೂಗಿ ಕರೆಯುವುದರಿಂದ. ಏಳನೇ ಕ್ಲಾಸಿನಲ್ಲಿ ಆ ಸಾಲು ಓದಿದ ನೆನಪೇ ನನಗಿಲ್ಲ.