ದುಬೈಗೆ ಹೋದ ಅಪ್ಪ ಅಮ್ಮನಿಗೆ ಅರ್ಧ ದಿನದ ಕ್ರೀಕ್ ಟೂರ್, ಅಕ್ವೇರಿಯಂ: ಸರಿಯಾಗಿ ಮಾಡುದು ಹೇಗೆ?

ನಮ್ಮ ಕಾಸ್ರೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಈಗ ದುಬೈಲಿ ಯಾರೂ ಇಲ್ಲದ ಮನೆ ಹುಡುಕ್ಬೇಕಷ್ಟೆ. ಅಪ್ಪ ಅಮ್ಮ ವಿಸಿಟ್ ವೀಸಾದಲ್ಲಿ ಮಂಗಳೂರಿಂದಲೋ ಕಣ್ಣೂರಿಂದಲೋ ವಿಮಾನ ಹತ್ತಿ ಹೋಗ್ತಾರೆ, ಮಗನಿಗೆ ರಜೆ ಸಿಕ್ಕುದಿಲ್ಲ, ಸೊಸೆಗೂ ಆಫೀಸು, ಹಾಗಾಗಿ ಒಂದು ಹಾಫ್ ಡೇ ಸಿಟಿ ಟೂರ್ ಆನ್‌ಲೈನಲ್ಲಿ ಬುಕ್ ಮಾಡಿ ಇವರನ್ನು ಬಸ್ಸು ಹತ್ತಿಸಿ ಬಿಡ್ತಾರೆ. ಊರಿಗೆ ವಾಪಸ್ ಬಂದ ಮೇಲೆ "ಅಕ್ವೇರಿಯಂ ನೋಡಿದ್ರಾ" ಅಂತ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ "ಹೊರಗಿಂದ ನೋಡಿದ್ದು, ದೊಡ್ಡ ಗ್ಲಾಸು" ಅಂತಾರೆ. ಟೂರಿಗೆ ದುಡ್ಡು ಕೊಟ್ಟು, ಬೆಳಿಗ್ಗೆ ಬೇಗ ಎದ್ದು, ಕೊನೆಗೆ ನೋಡಿದ್ದು ದುಬೈ ಮಾಲಿಗೆ ಬಂದ ಯಾರು ಬೇಕಾದ್ರೂ ಪುಕ್ಕಟೆ ನೋಡ್ಬಹುದಾದ ಜಾಗ. ಇದನ್ನು ಕೇಳಿ ಕೇಳಿ ಸಾಕಾಗಿ ಬರೀತಾ ಇದ್ದೇನೆ.

ಬುಕಿಂಗ್: ಇಲ್ಲೇ ಎಲ್ಲ ಹಾಳಾಗುದು

ಮೊದ್ಲು ಯಾವ ಅಕ್ವೇರಿಯಂ ಅಂತ ತೀರ್ಮಾನ ಮಾಡಿ. ದುಬೈಲಿ ಟೂರಿನವರು ಹೇಳುದು ಮುಖ್ಯವಾಗಿ ಎರಡು. ಒಂದು ದುಬೈ ಮಾಲ್ ಒಳಗೆ ಇರುವ ದುಬೈ ಅಕ್ವೇರಿಯಂ, ಇನ್ನೊಂದು ಪಾಮ್ ದ್ವೀಪದ ಅಟ್ಲಾಂಟಿಸ್ ಹೋಟೆಲಲ್ಲಿರುವ ಲಾಸ್ಟ್ ಚೇಂಬರ್ಸ್. ಎರಡೂ 2008ರಲ್ಲಿ ಶುರುವಾದದ್ದು, ಎರಡೂ ಚೆಂದ ಉಂಟು, ಆದ್ರೆ ಹಳೇ ದುಬೈಯ ಕ್ರೀಕ್ (ಊರ ನಡುವೆ ಹೊಳೆಯ ಹಾಗೆ ಒಳಗೆ ಬಂದ ಸಮುದ್ರದ ಕವಲು) ಕಡೆಯಿಂದ ಪಾಮಿಗೆ ಹೋಗುದಂದ್ರೆ ಅರ್ಧ ಊರು ದಾಟಿದ ಹಾಗೆ, ಟ್ರಾಫಿಕ್ ಸಿಕ್ಕಿದ್ರೆ ನಿಮ್ಮ ಅರ್ಧ ದಿನ ಶೇಖ್ ಝಾಯೆದ್ ರೋಡಲ್ಲೇ ಮುಗೀತು. ಕ್ರೀಕ್ ಜೊತೆಗೆ ಮಾಡುದಾದ್ರೆ ಮಾಲಿನದ್ದೇ ಮಾಡಿ, ಇದರಲ್ಲಿ ಎರಡು ಮಾತಿಲ್ಲ. ಪಾಮ್, ಮರೀನಾ, ಬುರ್ಜ್ ಅಲ್ ಅರಬ್, ಕ್ರೀಕ್, ಗೋಲ್ಡ್ ಸೂಕ್ (ಸೂಕ್ ಅಂದ್ರೆ ಪೇಟೆ, ಇದು ಚಿನ್ನದ್ದು), ಅಕ್ವೇರಿಯಂ ಎಲ್ಲ ಅರ್ಧ ದಿನಕ್ಕೆ ತುರುಕಿಸಿದ ಪ್ಯಾಕೇಜ್ ಕಂಡ್ರೆ ಮುಟ್ಲೇ ಬೇಡಿ, ಅದರಲ್ಲಿ ಹತ್ತುದು ಇಳಿಯುದು ಬಿಟ್ರೆ ಬೇರೆ ಎಂತದೂ ಇಲ್ಲ.

ಈಗ ಮುಖ್ಯ ವಿಷಯ. ಜಾಹೀರಾತಲ್ಲಿ ದುಬೈ ಅಕ್ವೇರಿಯಂ ವಿಸಿಟ್ ಅಂತ ಮೀನಿನ ಚಿತ್ರ ಹಾಕಿ ದೊಡ್ಡದಾಗಿ ಬರೆದಿರ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಪ್ಯಾಕೇಜಿನಲ್ಲಿ ಎಂತ ಎಲ್ಲ ಸೇರಿದೆ, ಎಂತ ಸೇರಿಲ್ಲ ಅಂತ ಎರಡು ಪಟ್ಟಿ ಇರ್ತದೆ, ಅದನ್ನು ಮಗ ಓದುದಿಲ್ಲ, ಅಪ್ಪನಿಗೆ ಕಾಣುದಿಲ್ಲ. ಸೇರಿಲ್ಲದ ಪಟ್ಟಿಯಲ್ಲಿ ಎಂಟ್ರಿ ಟಿಕೆಟ್ ಅಂತ ಇದ್ರೆ ಬಸ್ಸಿನವರು ನಿಮ್ಮನ್ನು ಮಾಲಿನ ಒಳಗೆ ಟ್ಯಾಂಕಿನ ಎದುರು ನಿಲ್ಲಿಸಿ ಫೋಟೋ ತೆಗೆಸಿ ವಾಪಸ್ ಕರ್ಕೊಂಡು ಬರ್ತಾರೆ, ಅವರ ಲೆಕ್ಕಕ್ಕೆ ವಿಸಿಟ್ ಆಯ್ತು. ಜಗಳ ಮಾಡಿ ಪ್ರಯೋಜನ ಇಲ್ಲ, ಬರೆದಿಟ್ಟದ್ದೇ ಹಾಗೆ.

ಹಾಗಾಗಿ ದುಡ್ಡು ಕಟ್ಟುವ ಮೊದ್ಲು ವಾಟ್ಸಾಪಲ್ಲಿ ಎರಡು ಪ್ರಶ್ನೆ ಹಾಕಿ, ಉತ್ತರ ಬರಹದಲ್ಲೇ ತರಿಸಿ, ಫೋನಲ್ಲಿ ಹೇಳಿದ್ದು ನಂಬ್ಬೇಡಿ. ಟನಲ್ (ಟ್ಯಾಂಕಿನ ಒಳಗೆ ನಡೆಯುವ ದಾರಿ) ಮತ್ತು ಅಂಡರ್‌ವಾಟರ್ ಝೂ (ಮೇಲಿನ ಫ್ಲೋರಿನ ಪ್ರಾಣಿಗಳ ವಿಭಾಗ) ಎರಡರ ಟಿಕೆಟೂ ಸೇರಿ ಉಂಟಾ? ಒಳಗೆ ಎಷ್ಟು ಹೊತ್ತು ಬಿಡ್ತೀರಿ? ಅರ್ಧ ಗಂಟೆ ಅಂದ್ರೆ ಬೇಡ. ನನ್ನನ್ನು ಕೇಳಿದ್ರೆ ಟೂರನ್ನು ಅಕ್ವೇರಿಯಂ ಟಿಕೆಟ್ ಇಲ್ಲದೆ ತಗೊಳ್ಳಿ, ಟಿಕೆಟ್ ಮಾತ್ರ ಅಕ್ವೇರಿಯಂನವರದ್ದೇ ವೆಬ್‌ಸೈಟಲ್ಲಿ ಬೇರೆ ಮಾಡಿ, ಬಸ್ಸು ಮಾಲಿಗೆ ಮುಟ್ಟಿದ ಕೂಡ್ಲೆ ಗೈಡಿಗೆ ಸಲಾಂ ಹೇಳಿ ಅಲ್ಲೇ ಕಳಚಿಕೊಳ್ಳಿ. ವಾಪಸ್ ಬರ್ಲಿಕ್ಕೆ ಮೆಟ್ರೋ ಉಂಟಲ್ಲ. ಬುಕ್ ಮಾಡುವಾಗಲೇ "ನಾವು ಮಾಲಲ್ಲಿ ಇಳೀತೇವೆ, ಡ್ರಾಪ್ ಬೇಡ" ಅಂತ ತಿಳಿಸಿದ್ರೆ ಯಾರಿಗೂ ಕಿರಿಕಿರಿ ಇಲ್ಲ.

ಗೈಡಿನ ಭಾಷೆಯೂ ಕೇಳಿ. ದೊಡ್ಡ ಬಸ್ಸಲ್ಲಿ ಇಂಗ್ಲಿಷ್, ಕೆಲವರಲ್ಲಿ ಹಿಂದಿ. ನಾಲ್ಕೈದು ಜನ ಸೇರಿ ವ್ಯಾನ್ ಮಾಡುದಾದ್ರೆ ಮಲಯಾಳಂ ಮಾತಾಡುವವ ಬೇಕು ಅಂತ ಕೇಳಿ, ನಮ್ಮ ಕಡೆಯ ಪ್ರಾಯದವರಿಗೆ ಇಂಗ್ಲಿಷಿಗಿಂತ ಅದೇ ಸಲೀಸು. ಮತ್ತೆ ದುಬೈಲಿ ಗೈಡ್ ಕೆಲಸಕ್ಕೆ ಸರಕಾರದ ಲೈಸೆನ್ಸ್ ಬೇಕು, ಕಾರ್ಡ್ ಇರ್ತದೆ. ಇಲ್ಲದವ ಬರೇ ಡ್ರೈವರ್, ಅವನತ್ರ ಕತೆ ನಿರೀಕ್ಷೆ ಮಾಡ್ಬೇಡಿ.

ದಿನ, ಚೀಲ

ನವೆಂಬರಿಂದ ಮಾರ್ಚ್ ಒಳಗೆ, ಸೋಮವಾರದಿಂದ ಗುರುವಾರದ ಒಳಗೆ, ಬೆಳಿಗ್ಗಿನ ಟೂರು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಸೂಕಿನ ಅಂಗಡಿ ಮುಚ್ತದೆ, ಶನಿವಾರ ಭಾನುವಾರ ಅಲ್ಲಿಯ ವೀಕೆಂಡ್ (2022ರಿಂದ ಹಾಗೆ), ಮಾಲಲ್ಲಿ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ. ಮಧ್ಯಾಹ್ನದ ಟೂರು ಚೀಪ್ ಅಂತ ತಗೊಂಡವರಿಗೆ ಸೂಕಲ್ಲಿ ಅರ್ಧ ಅಂಗಡಿ ಬಾಗಿಲು ಹಾಕಿದ್ದು ಕಾಣ್ತದೆ, ಹಳೇ ಸೂಕಿನವರು ಮಧ್ಯಾಹ್ನ ಮಲಗಿ ಸಂಜೆ ಮತ್ತೆ ತೆಗಿಯುದು.

ಚೀಲಕ್ಕೆ ನೀರು, ಟೊಪ್ಪಿ, ಒಂದು ತೆಳು ಶಾಲು, ಮಾಲ್ ಒಳಗೆ ಎಸಿ ಕೊರೀತದೆ. ಎಲೆಅಡಿಕೆ ಬೇಡ. ಅಡಿಕೆ ತೋಟದವರಿಗೆ ಇದು ಕಷ್ಟ ಗೊತ್ತುಂಟು, ಆದ್ರೆ ವೀಳ್ಯದೆಲೆ, ಪಾನ್ ಎಲ್ಲ ಯುಎಇಗೆ ತರುದೇ ನಿಷೇಧ, ರಸ್ತೆಲಿ ಉಗಿದ್ರೆ ಫೈನ್ ಬೇರೆ. ಗಸಗಸೆಯೂ ನಿಷೇಧವೇ, ಪಾಯಸಕ್ಕೆ ಅಂತ ಸೊಸೆಗೆ ಕಟ್ಟಿಕೊಂಡು ಹೋಗುವ ಅತ್ತೆಯಂದಿರು ಊರಿಂದ ಹೊರಡುವಾಗಲೇ ಮನೇಲಿ ಬಿಟ್ಟು ಹೋಗ್ಬೇಕು.

ಪಿಕಪ್: ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದ್ಲು ಬಿಲ್ಡಿಂಗ್ ಕೆಳಗೆ ನಿಲ್ಲಿ, ಅಷ್ಟೇ.

ಕ್ರೀಕ್ ಮತ್ತು ಅಬ್ರಾ

ಶುರು ಸಾಧಾರಣ ಅಲ್ ಫಹೀದಿಯಲ್ಲಿ. 1787ರ ಕೋಟೆ ಉಂಟು, ಅದರ ಪಕ್ಕ ಹಳೇ ಕೇರಿ, ಮನೆ ಮೇಲೆ ಚೌಕ ಗೋಪುರ. ನಾಲ್ಕು ಕಡೆಯ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸ್ಲಿಕ್ಕೆ ಕಟ್ಟಿದ್ದು, ಕರೆಂಟಿಲ್ಲದ ಕಾಲದ ಎಸಿ. ಗೋಡೆ ಹತ್ತಿರ ಹೋಗಿ ನೋಡಿ, ಗಾರೆ ಬಿಟ್ಟ ಕಡೆ ತೂತು ತೂತಾದ ಕಲ್ಲು ಕಾಣ್ತದೆ, ಅದು ಸಮುದ್ರದಿಂದ ತೆಗೆದ ಹವಳದ ಕಲ್ಲು. ಗೈಡ್ ಹೇಳದಿದ್ರೂ ಅದನ್ನು ಮುಟ್ಟಿ ನೋಡಿಯೇ ಮುಂದೆ ಹೋಗಿ. ಇಲ್ಲಿ ಸೆಲ್ಫಿಗೆ ಅಂತ ಗಂಟೆಗಟ್ಲೆ ನಿಲ್ಬೇಡಿ, ಮುಂದೆ ಹೊತ್ತು ಬೇಕು.

ಆಮೇಲೆ ಕ್ರೀಕ್ ದಾಟಿ ಆಚೆ ದಡದ ದೇರಾ. ಕೆಲವು ಬಸ್ಸಿನವರು ಅಬ್ರಾ, ಅಂದ್ರೆ ಕಡವಿನ ದೋಣಿ ಬಿಟ್ಟು, ಕ್ರೀಕಿನ ಅಡಿಯ ರಸ್ತೆ ಟನಲ್ ಮೂಲಕ ಬಸ್ಸಲ್ಲೇ ದಾಟಿಸ್ತಾರೆ, ಅದು ಕೆಲಸ ಉಳಿಸುದು, ಒಪ್ಬೇಡಿ. ಅಬ್ರಾಕ್ಕೆ ಒಬ್ಬರಿಗೆ 1 ದಿರ್ಹಮ್, ನಮ್ಮ 20 ಚಿಲ್ಲರೆ ರೂಪಾಯಿ, ಇಡೀ ದುಬೈಲಿ ಇಷ್ಟು ಕಡಿಮೆಗೆ ಇಷ್ಟು ಖುಷಿ ಬೇರೆ ಇಲ್ಲ. ನಾಣ್ಯ ಮೊದ್ಲೇ ಕೈಯಲ್ಲಿ ಇಟ್ಕೊಳ್ಳಿ, ನಡು ನೀರಲ್ಲಿ 100ರ ನೋಟು ಕೊಟ್ರೆ ದೋಣಿಯವ ಮುಖ ನೋಡ್ತಾನೆ. ಚಂದ್ರಗಿರಿ, ಶಿರಿಯ ಹೊಳೆಯ ಕಡವಲ್ಲಿ ದೋಣಿ ದಾಟಿದ ಹಳಬರಿಗೆ ಇದು ಹೇಳ್ಬೇಕಾಗಿಲ್ಲ, ಆದ್ರೆ ಈಗಿನವರಿಗಾಗಿ ಹೇಳ್ತೇನೆ: ದೋಣಿ ಜೆಟ್ಟಿಗೆ ತಾಗಿ ನಿಂತ್ರೂ ಅಲ್ಲಾಡ್ತಾ ಇರ್ತದೆ, ಹಾರ್ಬೇಡಿ. ದೋಣಿ ಮೇಲೆ ಬರುವವರೆಗೆ ಕಾದು ಒಂದು ಕಾಲು ಒಳಗೆ ಊರಿ, ಮೇಲಿನ ಮಾಡಿನ ಕಂಬ ಹಿಡಿದು ಇನ್ನೊಂದು ಕಾಲು ಎತ್ತಿ. ಸೀರೆ ಉಟ್ಟವರು ನೆರಿಗೆ ಒಂದು ಕೈಯಲ್ಲಿ ಎತ್ತಿ, ಚೀಲ ಬೇರೆಯವರಿಗೆ ಕೊಡಿ, ಫೋನು ಬ್ಲೌಸಿಗೆ ಅಲ್ಲ, ಚೀಲದ ಒಳಗೆ. ನಡುವೆ ಎತ್ತರದ ಹಲಗೆ ಇರ್ತದೆ, ಜನ ಬೆನ್ನಿಗೆ ಬೆನ್ನು ಕೊಟ್ಟು ನೀರಿಗೆ ಮುಖ ಮಾಡಿ ಕೂರುದು, ಸುಮಾರು 20 ಜನ ಹಿಡೀತದೆ. ಕೂತ ಮೇಲೆ ಫೋಟೋಕ್ಕೆ ಅಂತ ಎದ್ದು ನಿಲ್ಲುವವರಿಂದಲೇ ತೊಂದರೆ. ದಾಟುವಾಗ ದೇರಾ ದಡದಲ್ಲಿ ಮರದ ದೊಡ್ಡ ಧೋ ಹಡಗುಗಳಿಗೆ ಫ್ರಿಜ್ಜು, ಟಯರು, ಗೋಣಿ ಹೇರುದು ಕಾಣ್ತದೆ. ಈ ಕ್ರೀಕಿನ ಹೂಳು ತೆಗೆಸಿ ಆಳ ಮಾಡಿಸಿದ್ದು 1960ರ ಆಸುಪಾಸಿಗೆ ದುಬೈಯ ಆಗಿನ ದೊರೆ ಶೇಖ್ ರಾಶಿದ್, ಎಣ್ಣೆ ಸಿಕ್ಕುವ ಮೊದ್ಲೇ. ಆ ಊರು ವ್ಯಾಪಾರದಿಂದ ಮೇಲೆ ಬಂದದ್ದು ಅಂತ ಇಲ್ಲಿ ಕೂತ್ರೆ ಗೊತ್ತಾಗ್ತದೆ.

ಸ್ಪೈಸ್ ಸೂಕಲ್ಲಿ ಕೈ ಹಿಡಿದು ಎಳೀತಾರೆ, ಕಾಸ್ರೋಡಿನವರು ಅಂತ ಮಲಯಾಳಂಲ್ಲಿ ಹೇಳಿದ್ರೆ ಅರ್ಧ ಕಾಟ ಕಮ್ಮಿ ಆಗ್ತದೆ, ಕೆಲವು ಸಲ ಅಂಗಡಿಯವನೇ ಕಾಞಂಗಾಡಿನವ ಆಗಿರ್ತಾನೆ. ಕೇಸರಿ ಮಾತ್ರ ನೋಡಿ ತಗೊಳ್ಳಿ. ಚೀಪಾಗಿ ಕೊಡುದರಲ್ಲಿ ಬಣ್ಣ ಹಾಕಿದ ಕುಸುಬೆ ಹೂವೇ ಜಾಸ್ತಿ. ಒಂದು ಎಸಳು ನೀರಿಗೆ ಹಾಕ್ಲಿಕ್ಕೆ ಹೇಳಿ, ಒಳ್ಳೇದು ಸಾವಕಾಶ ಹಳದಿ ಬಿಡ್ತದೆ, ಎಸಳು ಕೆಂಪಾಗಿಯೇ ಉಳೀತದೆ, ಹಾಕಿದ ಕೂಡ್ಲೆ ನೀರು ಕೆಂಪಾದ್ರೆ ಅಲ್ಲೇ ಬಿಟ್ಟು ಬನ್ನಿ. ಗೋಲ್ಡ್ ಸೂಕ್ ನೋಡ್ಲಿಕ್ಕೆ ಮಾತ್ರ. ಚಿನ್ನಕ್ಕೆ ಡ್ಯೂಟಿ ರಿಯಾಯಿತಿ ಇರುದು ವಿದೇಶದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದು ಬರುವವರಿಗೆ, ತಿಂಗಳ ಮಟ್ಟಿಗೆ ಮಗನ ಮನೆಗೆ ಹೋದವರಿಗಲ್ಲ, ಇದು ಗೊತ್ತಿಲ್ಲದೆ ಏರ್‌ಪೋರ್ಟಲ್ಲಿ ಬೆವರುವವರು ಇದ್ದಾರೆ.

ಅಕ್ವೇರಿಯಂ: ಇಲ್ಲಿ ಗಡಿಬಿಡಿ ಬೇಡ

ಮಾಲಿಗೆ ಮುಟ್ಟಿದ ಮೇಲೆ ಮೊದ್ಲು ಟಾಯ್ಲೆಟ್, ಆಮೇಲೆ ಒಂದು ಚಾ, ಆಮೇಲೆ ಮೀನು. ಹಸಿದುಕೊಂಡು ಒಳಗೆ ಹೋದವರು ಮೀನು ನೋಡುದಿಲ್ಲ, ಬಾಗಿಲು ನೋಡ್ತಾರೆ. ಮೊಣಕಾಲು ನೋವಿನವರಿಗೆ ವೀಲ್‌ಚೇರ್ ಬೇಕಾದ್ರೆ ಇನ್ಫರ್ಮೇಶನ್ ಡೆಸ್ಕಲ್ಲಿ ಕೇಳಿ, ನಾಚಿಕೆ ಮಾಡ್ಬೇಡಿ, ಆ ಮಾಲ್ ನಡೆದು ಮುಗಿಯುವ ಜಾತಿಯದ್ದಲ್ಲ.

ಟಿಕೆಟ್ ಕೌಂಟರಲ್ಲಿ ಒಂದರ ಮೇಲೆ ಒಂದು ಸೇರಿಸ್ಲಿಕ್ಕೆ ನೋಡ್ತಾರೆ, ಗ್ಲಾಸ್ ತಳದ ದೋಣಿ, ಮೀನಿಗೆ ತಿಂಡಿ ಹಾಕುದು ಅಂತ. ಟನಲ್ ಮತ್ತು ಝೂ ಇರುವ ಸಾದಾ ಟಿಕೆಟ್ ಸಾಕು. ಬಾಗಿಲಲ್ಲಿ ನಿಲ್ಲಿಸಿ ಫೋಟೋ ಹೊಡೆದು ಆಮೇಲೆ ಮಾರ್ಲಿಕ್ಕೆ ಬಂದ್ರೆ ಬೇಡ ಅಂತ ಮುಂದೆ ಹೋಗಿ.

ಒಳಗೆ ಹೋಗುವ ಮೊದ್ಲು ಹೊರಗೆ ಟ್ಯಾಂಕಿನ ದೊಡ್ಡ ಪಾರದರ್ಶಕ ಫಲಕದ ಎದುರೇ ಸ್ವಲ್ಪ ಹೊತ್ತು ನಿಲ್ಲಿ, ಟಿಕೆಟ್ ಬೇಡದ ಜಾಗ ಅಂತ ಸಸಾರ ಮಾಡ್ಬೇಡಿ. ಅದು ಗ್ಲಾಸಲ್ಲ, ಅಕ್ರಿಲಿಕ್ ಅಂತ ಒಂದು ಗಟ್ಟಿ ಪ್ಲಾಸ್ಟಿಕ್. 32.8 ಮೀಟರ್ ಅಗಲ, 8.3 ಮೀಟರ್ ಎತ್ತರ, 75 ಸೆಂಟಿಮೀಟರ್ ದಪ್ಪ, ಹಿಂದೆ 1 ಕೋಟಿ ಲೀಟರ್ ನೀರು. ಅಷ್ಟು ದಪ್ಪದಿಂದ ಓರೆಯಾಗಿ ನೋಡಿದ್ರೆ ಮೀನು ಸೊಟ್ಟ ಕಾಣ್ತದೆ, ನೇರ ಎದುರು ನಿಂತ್ರೆ ಮೀನು ಇದ್ದದ್ದಕ್ಕಿಂತ ಹತ್ತಿರ, ದೊಡ್ಡದಾಗಿ ಕಾಣ್ತದೆ. ಫೋಟೋಕ್ಕೆ ಫ್ಲ್ಯಾಶ್ ಆಫ್, ಫೋನನ್ನು ಫಲಕಕ್ಕೆ ಸಮ ಹಿಡಿದು ಹತ್ತಿರ ತನ್ನಿ, ಇಲ್ಲದ್ರೆ ಬರುದು ನಿಮ್ಮದೇ ಮುಖದ ಪ್ರತಿಬಿಂಬ.

ಟನಲ್ 48 ಮೀಟರ್. ಜನ ಇದನ್ನು ಐದು ನಿಮಿಷದಲ್ಲಿ ದಾಟಿ ಬರ್ತಾರೆ, ಬರೇ ವಿಡಿಯೋ ಮಾಡಿಕೊಂಡು. ನೀವು ಒಳಗೆ ಅರ್ಧ ದಾರಿ ಹೋಗಿ ಒಂದು ಬದಿಗೆ ಸರಿದು ನಿಂತ್ಕೊಳ್ಳಿ, ಹಿಂದಿನ ಗುಂಪು ದಾಟ್ಲಿ. ಮೀನು ಸುತ್ತು ಹಾಕ್ತಾ ಇರ್ತದೆ, ನೀವು ನಡೀಬೇಕಾಗಿಲ್ಲ, ನಿಂತ್ರೆ ಅದೇ ನಿಮ್ಮತ್ರ ಬರ್ತದೆ. ತೊರಕೆ ಮೀನು ತಲೆ ಮೇಲೆ ಬಂದಾಗ ಬಿಳಿ ಹೊಟ್ಟೆಯಲ್ಲಿ ಎರಡು ಕಣ್ಣು, ನಗುವ ಬಾಯಿ ಕಂಡ ಹಾಗೆ ಆಗ್ತದೆ. ಆ ಕಣ್ಣು ಕಣ್ಣಲ್ಲ, ಮೂಗಿನ ತೂತು, ನಿಜವಾದ ಕಣ್ಣು ಮೇಲ್ಗಡೆ ಬೆನ್ನಿನ ಕಡೆ. ಅದರ ಹಿಂದೆ ಸಾಲಾಗಿ ಗೆರೆ ಎಳೆದ ಹಾಗೆ ಕಾಣುದು ಕಿವಿರು, ಉಸಿರಾಡುವಾಗ ತೆರೆದು ಮುಚ್ಚುದನ್ನು ನೋಡ್ಬಹುದು. ಬಾಯಿಂದ ಹಲ್ಲು ಹೊರಗೆ ಬಿಟ್ಟುಕೊಂಡು ಸಾವಕಾಶ ಬರುವ ದೊಡ್ಡ ತಾಟೆ ಸ್ಯಾಂಡ್ ಟೈಗರ್ ಶಾರ್ಕ್. ನೋಡ್ಲಿಕ್ಕೆ ರಾಕ್ಷಸ, ಸ್ವಭಾವ ಪಾಪ. ಅದು ಮೇಲೆ ಹೋಗಿ ಗಾಳಿ ನುಂಗಿ ಹೊಟ್ಟೆಯಲ್ಲಿ ಇಟ್ಕೊಳ್ತದೆ, ಹಾಗಾಗಿ ಅಲ್ಲಾಡದೆ ನೀರಲ್ಲಿ ತೇಲಿ ನಿಲ್ಲಿಕ್ಕೆ ಆಗುದು. ಇದರ ಕೆಜಿಗೆ ಎಷ್ಟಾಗ್ಬಹುದು ಅಂತ ಜೋರು ಬೊಬ್ಬೆ ಹೊಡೆದು ಲೆಕ್ಕ ಹಾಕುವ ನಮ್ಮೂರವರು ಪ್ರತಿ ಗುಂಪಲ್ಲೂ ಒಬ್ಬರು ಇರ್ತಾರೆ, ಇರ್ಲಿ.

ಟನಲ್ ಮುಗಿದ ಕೂಡ್ಲೆ ಎಲ್ಲ ಮುಗೀತು ಅಂತ ಹೊರಗೆ ಬಂದು ಐಸ್‌ಕ್ರೀಮ್ ಅಂಗಡಿ ಹುಡುಕುದೇ ಅತಿ ದೊಡ್ಡ ತಪ್ಪು. ಅಂಡರ್‌ವಾಟರ್ ಝೂ ಮೇಲಿನ ಫ್ಲೋರಲ್ಲಿ, ಟ್ಯಾಂಕಿನ ಮೇಲೆ. ದಾರಿ ತಾನಾಗಿ ಅಲ್ಲಿಗೆ ಕರ್ಕೊಂಡು ಹೋಗುದಿಲ್ಲ, ಟನಲಿನ ತುದಿಯಲ್ಲಿರುವ ಸಿಬ್ಬಂದಿಗೆ ಟಿಕೆಟ್ ತೋರಿಸಿ ಕೇಳಿ. ಕೈಯಲ್ಲಿರುವ ಟಿಕೆಟನ್ನು ಬಿಸಾಡ್ಬೇಡಿ, ಮೇಲೆ ಮತ್ತೆ ತೋರಿಸ್ಬೇಕು. ಅಲ್ಲಿ ಆಸ್ಟ್ರೇಲಿಯಾದಿಂದ 2014ರಲ್ಲಿ ತಂದ ಕಿಂಗ್ ಕ್ರಾಕ್ ಅಂತ ಒಂದು ಮೊಸಳೆ, 5 ಮೀಟರಿಗಿಂತ ಉದ್ದ, 750 ಕಿಲೋ. ನಮ್ಮ ಅನಂತಪುರ ದೇವಸ್ಥಾನದ ಕೆರೆಯಲ್ಲಿ ನೈವೇದ್ಯ ತಿಂದುಕೊಂಡಿದ್ದ ಬಬಿಯಾ ಮೊಸಳೆಯನ್ನು ನೋಡಿದವರಿಗೆ ಇದರ ಗಾತ್ರ ನೋಡಿ ನಂಬ್ಲಿಕ್ಕೆ ಆಗುದಿಲ್ಲ. ಎದುರು ನಿಂತು ಅದು ಅಲ್ಲಾಡುವವರೆಗೆ ಕಾಯ್ತೇನೆ ಅಂತ ಹಠ ಮಾಡಿದ್ರೆ ಸಂಜೆ ಆಗ್ತದೆ, ಪೆಂಗ್ವಿನ್ ಕಡೆ ಹೋಗಿ. ಟನಲ್, ಝೂ ಎರಡೂ ಸೇರಿ ಒಂದೂವರೆ ಗಂಟೆಯಾದ್ರೂ ಇಡಿ.

ವಾಪಸ್

ಮಾಲಿಂದ ಮೆಟ್ರೋ ಸ್ಟೇಷನಿಗೆ ಎಸಿ ಇರುವ ಉದ್ದದ ಸೇತುವೆ ದಾರಿ, ನಡುನಡುವೆ ತಾನೇ ಚಲಿಸುವ ಪಟ್ಟಿ ಉಂಟು, ಹತ್ತಿ ನಿಂತ್ರೆ ಸಾಕು. ಮೆಟ್ರೋ ಹತ್ಲಿಕ್ಕೆ ಬೇಕಾದ ನೋಲ್ ಕಾರ್ಡ್ ಒಬ್ಬೊಬ್ಬರಿಗೆ ಒಂದೊಂದು, ಮಗನ ಒಂದೇ ಕಾರ್ಡಲ್ಲಿ ಇಬ್ಬರು ದಾಟ್ಲಿಕ್ಕೆ ಆಗುದಿಲ್ಲ. ಕುಸೈಸ್ ಕಡೆ ಹೋಗುವವರು ರೆಡ್ ಲೈನಲ್ಲಿ ಯೂನಿಯನ್‌ವರೆಗೆ ಬಂದು ಗ್ರೀನ್ ಲೈನ್ ಹಿಡೀಬೇಕು. ಪ್ಲಾಟ್‌ಫಾರ್ಮಲ್ಲಿ ನೆಲದ ಮೇಲಿನ ಬಣ್ಣ ನೋಡಿ ನಿಲ್ಲಿ. ಒಂದು ತುದಿಯಲ್ಲಿ ಗೋಲ್ಡ್ ಕ್ಲಾಸ್, ಅದಕ್ಕೆ ಬೇರೆ ಕಾರ್ಡ್, ಇನ್ನೊಂದು ಹೆಂಗಸರು ಮಕ್ಕಳ ಬೋಗಿ, ಹೆಂಡತಿ ಹಿಂದೆಯೇ ಹತ್ತಿದ ಗಂಡಸಿಗೆ 100 ದಿರ್ಹಮ್ ಫೈನ್. ಬೋಗಿಯಲ್ಲಿ ಬಾಳೆಹಣ್ಣು ಸುಲಿದ್ರೂ ಅಷ್ಟೇ ಫೈನು, ಹಸಿವಾದ್ರೆ ಮಾಲಲ್ಲೇ ತಿಂದು ಹೊರಡಿ.