ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಮೂರನೆಯ ವಾರದ ಬಟ್ಟಲಿನಲ್ಲಿ ಏನಿರಬೇಕು?

ಬಾಗಲಕೋಟೆಯಲ್ಲಿ ಆಹಾರ ಸಲಹೆಗಾರ್ತಿಯಾಗಿ ಕೆಲಸ ಮಾಡುವ ನನ್ನ ಬಳಿಗೆ, ಬೆಳಗಾವಿ, ಹುಬ್ಬಳ್ಳಿ ಅಥವಾ ಪುಣೆಯಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರು ಬರುತ್ತಾರೆ. ಅವರಲ್ಲಿ ಬಹುತೇಕರ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿರುತ್ತದೆ. ತೊಂದರೆ ಶುರುವಾಗುವುದು ಮನೆಯ ಅಡುಗೆಮನೆಯಲ್ಲಿ, ಅದೂ ಮೂರನೆಯ ವಾರದಿಂದ ಆರನೆಯ ವಾರದೊಳಗೆ. ನೋವು ಇಳಿದಿರುತ್ತದೆ, ಓಡಾಟ ಸರಾಗವಾಗಿರುತ್ತದೆ, ಮನೆಯವರ ಕಾಳಜಿ ಉಕ್ಕಿರುತ್ತದೆ. ಹೊಲಿಗೆ ಮಾತ್ರ ಇನ್ನೂ ಪೂರ್ತಿ ಮಾಗಿರುವುದಿಲ್ಲ. ಆದ್ದರಿಂದ ಉಳಿದ ಹಂತಗಳನ್ನು ಚಿಕ್ಕದಾಗಿ ಹೇಳಿ, ಈ ನಾಲ್ಕು ವಾರಗಳನ್ನು ವಿವರವಾಗಿ ಬರೆಯುತ್ತಿದ್ದೇನೆ.

ಯಾವ ಶಸ್ತ್ರಚಿಕಿತ್ಸೆ, ಯಾರಿಗೆ

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲಿಗೂ ಹೆಚ್ಚು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲವನ್ನು ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎದೆಯುರಿ, ಹುಳಿತೇಗಿನ ತೊಂದರೆ ಮೊದಲೇ ಇದ್ದವರು ಅದನ್ನು ವೈದ್ಯರಿಗೆ ಮುಚ್ಚಿಡಬಾರದು, ಏಕೆಂದರೆ ಸ್ಲೀವ್ ನಂತರ ಅದು ಹೆಚ್ಚಾಗುವ ಸಂಭವವಿದೆ.

ಅರ್ಹತೆಯನ್ನು ಬಿಎಂಐ ಲೆಕ್ಕದಿಂದ ನೋಡುತ್ತಾರೆ: ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. 160 ಸೆಂಟಿಮೀಟರ್ ಎತ್ತರ, 96 ಕಿಲೋ ತೂಕದ ವ್ಯಕ್ತಿಯ ಬಿಎಂಐ 37.5. ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಸಂಘಗಳು 2022ರಲ್ಲಿ ಪರಿಷ್ಕರಿಸಿದ ಸೂಚನೆಗಳ ಪ್ರಕಾರ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಇದನ್ನು ಸಲಹೆ ಮಾಡಬಹುದು. ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದವರಿಗೆ 30 ದಾಟಿದರೆ ಪರಿಗಣಿಸಬಹುದು. ಏಷ್ಯಾದ ಜನರಿಗೆ ಈ ಮಿತಿ ಇನ್ನೂ ಕೆಳಗಿದೆ. ಆದರೆ ಆರೋಗ್ಯ ವಿಮೆಯ ನಿಯಮ ಬೇರೆ. ಅಲ್ಲಿ ಸಾಮಾನ್ಯವಾಗಿ 40, ಅಥವಾ ಗಂಭೀರ ಕಾಯಿಲೆಗಳ ಜೊತೆಗೆ 35 ಇರಬೇಕು. ವೈದ್ಯರು ಒಪ್ಪಿದ ಮಾತ್ರಕ್ಕೆ ವಿಮೆಯವರು ಒಪ್ಪುತ್ತಾರೆಂದು ತಿಳಿಯದೆ, ದಿನಾಂಕ ಗೊತ್ತು ಮಾಡುವ ಮೊದಲೇ ಲಿಖಿತ ಅನುಮತಿ ಪಡೆಯಿರಿ.

ತಪಾಸಣೆ, ಮಾತ್ರೆ, ತಂಬಾಕು

ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನ್, ಹೃದಯದ ತಪಾಸಣೆಗಳನ್ನು ಆಸ್ಪತ್ರೆಯವರೇ ಮಾಡಿಸುತ್ತಾರೆ. ಬಿ12, ಡಿ ವಿಟಮಿನ್ ಮತ್ತು ಕಬ್ಬಿಣಾಂಶದ ಮಟ್ಟವನ್ನು ಮಾತ್ರ ನೀವೇ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ; ಕೊರತೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು ಸುಲಭ. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರಿದ್ದರೆ, ಮನೆಯವರು ಅದನ್ನು ಅರಿವಳಿಕೆ ಕೊಡುವ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ತಂಬಾಕನ್ನು ಕನಿಷ್ಠ ಆರು ವಾರ ಮೊದಲು ಪೂರ್ತಿಯಾಗಿ ಬಿಡಬೇಕು. ಬೀಡಿ, ಸಿಗರೇಟು ಬಿಟ್ಟೆನೆಂದು ಹೇಳುವ ಹಲವರು ಸುಣ್ಣ ತಂಬಾಕನ್ನೂ ಗುಟ್ಕಾವನ್ನೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಕೋಟಿನ್ ಯಾವ ದಾರಿಯಿಂದ ಒಳಹೊಕ್ಕರೂ ಗಾಯ ಮಾಗುವುದನ್ನು ತಡೆಯುತ್ತದೆ, ಬೈಪಾಸ್ ಆದವರಲ್ಲಿ ಜೋಡಣೆಯ ಜಾಗದಲ್ಲಿ ಹುಣ್ಣಿಗೂ ಕಾರಣವಾಗುತ್ತದೆ.

ಮೊದಲಿನ ಎರಡು ವಾರ

ಶಸ್ತ್ರಚಿಕಿತ್ಸೆಗೆ ಮುಂಚೆ ಸುಮಾರು ಎರಡು ವಾರ ದಿನಕ್ಕೆ 800ರಿಂದ 1000 ಕ್ಯಾಲರಿಯ ಆಹಾರವನ್ನು ಹೇಳುತ್ತಾರೆ. ಇದು ತೂಕ ಇಳಿಸುವುದಕ್ಕಿಂತ ಹೆಚ್ಚಾಗಿ ಯಕೃತ್ತನ್ನು ಕುಗ್ಗಿಸುವ ಕ್ರಮ. ಯಕೃತ್ತಿನ ಎಡಭಾಗ ಜಠರದ ಮೇಲೆಯೇ ಕವಿದುಕೊಂಡಿರುತ್ತದೆ. ಕೊಬ್ಬು ತುಂಬಿ ಉಬ್ಬಿದ ಯಕೃತ್ತನ್ನು ಪಕ್ಕಕ್ಕೆ ಸರಿಸುವುದು ಕಷ್ಟವಾದರೆ ಶಸ್ತ್ರಚಿಕಿತ್ಸೆ ತೊಡಕಾಗುತ್ತದೆ, ಕೆಲವೊಮ್ಮೆ ನಡುವೆಯೇ ನಿಲ್ಲಿಸಬೇಕಾಗುತ್ತದೆ. “ಇನ್ನ ಮುಂದ ಉಣ್ಣಾಕ ಆಗೂದಿಲ್ಲ, ಈಗರ ಉಂಡುಬಿಡ್ರಿ” ಎಂದು ಬೀಗರ ಮನೆಗಳಿಂದ ಹೋಳಿಗೆ, ಮಾದಲಿಯ ಬುತ್ತಿ ಬರುವುದು ಸರಿಯಾಗಿ ಈ ಎರಡು ವಾರಗಳಲ್ಲೇ. ಆ ಬುತ್ತಿಯನ್ನು ಮನೆಯ ಉಳಿದವರಿಗೆ ಬಡಿಸಿ, ನೀವು ಬೇಳೆ, ಮೊಸರು, ಪನೀರು, ಮೊಟ್ಟೆ, ತರಕಾರಿ ಮತ್ತು ಅರ್ಧ ರೊಟ್ಟಿಯಲ್ಲಿ ಉಳಿಯಿರಿ.

ಸಕ್ಕರೆ ಕಾಯಿಲೆಯವರು ಈ ಪಥ್ಯವನ್ನು ವೈದ್ಯರಿಗೆ ತಿಳಿಸದೆ ಆರಂಭಿಸಬಾರದು. ಇನ್ಸುಲಿನ್ ಪ್ರಮಾಣವನ್ನು ಇಳಿಸಬೇಕಾಗುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ.

ಆಸ್ಪತ್ರೆಗೆ ಹೊರಡುವ ಮೊದಲು ನಾಲ್ಕು ಸಾಮಾನುಗಳನ್ನು ತೆಗೆದಿಡಿ: ಔಷಧದ ಬಾಟಲಿಯ ಜೊತೆಗೆ ಬರುವ ಅಳತೆಯ ಮುಚ್ಚಳ, ಚಹಾ ಚಮಚ, ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಸ್ಟೀಲ್ ಬಟ್ಟಲು, ಸಣ್ಣ ಕಣ್ಣಿನ ಜರಡಿ.

ಮೊದಲ ಹದಿನೈದು ದಿನ: ತೆಳ್ಳನೆಯದು ಮಾತ್ರ

ಹದಿನೈದು ನಿಮಿಷಕ್ಕೆ 30 ಮಿಲಿಲೀಟರ್ ಎಂಬ ಲೆಕ್ಕದಲ್ಲಿ ಗುಟುಕು ಗುಟುಕಾಗಿ ಕುಡಿದರೆ ಗಂಟೆಗೆ 120 ಮಿಲಿಲೀಟರ್, ಹದಿಮೂರು ಗಂಟೆಯಲ್ಲಿ ಒಂದೂವರೆ ಲೀಟರ್ ಆಗುತ್ತದೆ. ಬಾಯಾರಿದಾಗ ಕುಡಿಯೋಣವೆಂದು ಕಾಯ್ದರೆ ಅಷ್ಟು ಒಳಗೆ ಹೋಗುವುದೇ ಇಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಮನೆಗೆ ಬಂದವರು ಮತ್ತೆ ಆಸ್ಪತ್ರೆ ಸೇರುವ ಮುಖ್ಯ ಕಾರಣಗಳಲ್ಲಿ ನೀರಿನ ಕೊರತೆಯೂ ಒಂದು. ಮೂತ್ರದ ಬಣ್ಣ ಗಾಢವಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ಎಚ್ಚೆತ್ತುಕೊಳ್ಳಿ.

ಮೊದಲ ಒಂದೆರಡು ದಿನ ನೀರು ಮತ್ತು ತಿಳಿಸಾರು. ನಂತರ ವೈದ್ಯರು ಹೇಳಿದಂತೆ ಸೋಸಿದ ಮಜ್ಜಿಗೆ, ಕೆನೆ ತೆಗೆದ ಹಾಲು, ಖಾರವಿಲ್ಲದ ಬೇಳೆಯ ಕಟ್ಟು. ಜೋಳದ ಅಂಬಲಿಯನ್ನು ತೆಳ್ಳಗೆ ಮಾಡಿ ಸೋಸಿ ಕುಡಿಯಬಹುದು, ಆದರೆ ಅದರಲ್ಲಿ ಪ್ರೋಟೀನ್ ತೀರ ಕಡಿಮೆ ಎಂಬುದು ನೆನಪಿರಲಿ. ಸ್ಟ್ರಾ ಬೇಡ, ಸೋಡಾ ಬೇಡ, ಕಬ್ಬಿನ ಹಾಲಂತೂ ಬೇಡವೇ ಬೇಡ.

ಇಲ್ಲಿ ಒಂದು ಮಾತು ಹೇಳಲೇಬೇಕು. ಶಕ್ತಿ ಬರಲೆಂದು ಮಂದಿ ತಂದುಕೊಡುವ ಡಬ್ಬಿಯ ಮಾಲ್ಟ್ ಪುಡಿಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಸಕ್ಕರೆ. ಡಬ್ಬಿಯನ್ನು ತಿರುಗಿಸಿ ಓದಿ: ಒಂದು ಸಲದ ಅಳತೆಯಲ್ಲಿ 20 ಗ್ರಾಂ ಪ್ರೋಟೀನ್ ಇದ್ದು, ಸಕ್ಕರೆ 5 ಗ್ರಾಂ ಮೀರದಿದ್ದರೆ ಮಾತ್ರ ಕೊಳ್ಳಿ.

ನಾಡಿ ನಿಮಿಷಕ್ಕೆ 120 ದಾಟಿ ಇಳಿಯದಿದ್ದರೆ, ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಎಡ ಭುಜದ ನೋವು, ಉಸಿರಾಟದ ಕಷ್ಟ ಅಥವಾ ಒಂದೇ ಕಾಲಿನ ಬಾವು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಹೊಲಿಗೆಯ ಸೋರಿಕೆ, ರಕ್ತ ಹೆಪ್ಪುಗಟ್ಟುವಿಕೆ ಎರಡೂ ಹೀಗೆಯೇ ಆರಂಭವಾಗುತ್ತವೆ.

ಮೂರನೆಯ ವಾರದಿಂದ ಆರನೆಯ ವಾರದವರೆಗೆ

ಮೂರನೆಯ ಮತ್ತು ನಾಲ್ಕನೆಯ ವಾರ ನುಣ್ಣಗೆ ರುಬ್ಬಿದ ಆಹಾರ, ಐದು ಮತ್ತು ಆರನೆಯ ವಾರ ಚಮಚದ ಬೆನ್ನಿನಿಂದ ಹಿಸುಕಿದರೆ ಮುದ್ದೆಯಾಗುವ ಮೆತ್ತನೆಯ ಆಹಾರ. ಆಸ್ಪತ್ರೆಯಿಂದ ಆಸ್ಪತ್ರೆಗೆ ಒಂದಿಷ್ಟು ದಿನ ಹೆಚ್ಚುಕಡಿಮೆ ಇರುತ್ತದೆ. ನಿಮ್ಮ ವೈದ್ಯರು ಬರೆದುಕೊಟ್ಟ ದಿನಗಳೇ ಅಂತಿಮ.

ನಾನು ಎಲ್ಲರಿಗೂ ಮೊದಲು ಹೇಳಿಕೊಡುವುದು ಹೆಸರುಬೇಳೆ. ತೊಗರಿಬೇಳೆಗಿಂತ ಇದು ಬೇಗ ಕರಗುತ್ತದೆ, ಹೊಟ್ಟೆ ಉಬ್ಬರಿಸುವುದೂ ಕಡಿಮೆ. 50 ಗ್ರಾಂ ಬೇಳೆಯನ್ನು ಒಂದು ಗಂಟೆ ನೆನೆಸಿ, ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ, ಚಿಟಿಕೆ ಅರಿಸಿನ, ಜೀರಿಗೆ, ಉಪ್ಪು ಹಾಕಿ, ಆರಿದ ಮೇಲೆ ಮಿಕ್ಸಿಯಲ್ಲಿ ತಿರುವಿ ಜರಡಿಯಲ್ಲಿ ಹಾಯಿಸಿ. ಒಗ್ಗರಣೆಯ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಬೇಡ. ಹದ ನೋಡುವುದು ಹೀಗೆ: ಚಮಚ ತುಂಬಿ ಓರೆ ಮಾಡಿದರೆ ನೀರಿನಂತೆ ಸುರಿಯದೆ, ಗಟ್ಟಿಯಾಗಿ ಅಂಟಿಕೊಳ್ಳದೆ, ನಿಧಾನವಾಗಿ ಜಾರಿ ಬೀಳಬೇಕು. ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿದಾಗ ನುಚ್ಚು ಸಿಗಬಾರದು. ಸಿಕ್ಕರೆ ಮತ್ತೊಮ್ಮೆ ಜರಡಿಗೆ ಹಾಕಿ. ಈ ಬೇಳೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ; ಒಂದೇ ಸಲಕ್ಕೆ ಅಷ್ಟನ್ನೂ ತಿನ್ನಲಾಗುವುದಿಲ್ಲ, ಮೂರು ನಾಲ್ಕು ಸಲ ಹಂಚಿಕೊಳ್ಳಿ. ಇದೇ ಹದದಲ್ಲಿ ಮೊಸರು, ಹಾಲು ಬೆರೆಸಿ ಮಸೆದ ಪನೀರು, ತೆಳ್ಳನೆಯ ಖಾರವಿಲ್ಲದ ಝುಣಕ, ಬೇಯಿಸಿ ರುಬ್ಬಿದ ಕುಂಬಳಕಾಯಿ ಆಗುತ್ತವೆ. ಮೊಟ್ಟೆ ತಿನ್ನುವವರು ಮೆತ್ತಗೆ ಬೇಯಿಸಿ ಮೊಸರಿನೊಂದಿಗೆ ಹಿಸುಕಿಕೊಳ್ಳಬಹುದು.

ಇನ್ನು ತಿನ್ನುವ ಕ್ರಮ. ತಟ್ಟೆಯ ಪಕ್ಕದ ನೀರಿನ ತಂಬಿಗೆಯನ್ನು ಎತ್ತಿಟ್ಟುಬಿಡಿ. ಉಣ್ಣುವ ಕಾಲು ಗಂಟೆ ಮೊದಲು ನೀರು ನಿಲ್ಲಿಸಿ, ಉಂಡ ಅರ್ಧ ಗಂಟೆಯ ಮೇಲೆಯೇ ಮತ್ತೆ ಕುಡಿಯಬೇಕು. ಎರಡು ಮೂರು ದೊಡ್ಡ ಚಮಚದಷ್ಟನ್ನು ಚಿಕ್ಕ ಬಟ್ಟಲಿಗೆ ಹಾಕಿಕೊಳ್ಳಿ. ಚಹಾ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದುಕೊಂಡು, ನುಣ್ಣಗಿದ್ದರೂ ಬಾಯಲ್ಲಿ ಇಪ್ಪತ್ತು ಸಲ ಆಡಿಸಿ ನುಂಗಿ, ಚಮಚವನ್ನು ಕೆಳಗಿಟ್ಟು ಒಂದು ನಿಮಿಷ ಕಾಯಿರಿ. ಇಪ್ಪತ್ತರಿಂದ ಮೂವತ್ತು ನಿಮಿಷದಲ್ಲಿ ಬಟ್ಟಲು ಮುಗಿಯದಿದ್ದರೂ ಎದ್ದುಬಿಡಿ.

ಸಾಕೆಂಬ ಸೂಚನೆ ಈಗ ಹಳೆಯ ರೀತಿಯಲ್ಲಿ ಬರುವುದಿಲ್ಲ ಎಂಬುದನ್ನು ಬಹಳ ಜನ ತಿಳಿದಿರುವುದಿಲ್ಲ. ಹೊಟ್ಟೆ ತುಂಬಿದ ತೃಪ್ತಿಗಾಗಿ ಅವರು ಕಾಯುತ್ತಾರೆ, ಅದು ಬರುವ ಹೊತ್ತಿಗೆ ಮಿತಿ ದಾಟಿರುತ್ತದೆ. ಎದೆಯ ಮೂಳೆಯ ಕೆಳಗೆ ಒತ್ತಿದಂತಾಗುವುದು, ಬಿಕ್ಕಳಿಕೆ, ಮೂಗಿನಲ್ಲಿ ನೀರು ಇಳಿಯುವುದು, ಬಾಯಲ್ಲಿ ಇದ್ದಕ್ಕಿದ್ದಂತೆ ಜೊಲ್ಲು ತುಂಬುವುದು: ಇವೇ ಹೊಸ ಸೂಚನೆಗಳು. ಇವುಗಳಲ್ಲಿ ಯಾವುದು ಮೊದಲು ಕಂಡರೂ ಅಲ್ಲಿಗೇ ನಿಲ್ಲಿಸಬೇಕು. ಬಾಯಲ್ಲಿರುವ ತುತ್ತನ್ನೂ ಉಗುಳಿಬಿಡಿ. ಅನ್ನ ಚೆಲ್ಲಬಾರದೆಂಬ ಸಂಸ್ಕಾರ ಇಲ್ಲಿ ಅಡ್ಡ ಬರಬಾರದು.

ನನ್ನ ಅಕ್ಕನಿಗೆ ಸ್ಲೀವ್ ಆಗಿ ಇಪ್ಪತ್ತನಾಲ್ಕನೆಯ ದಿನ, ಬಾದಾಮಿ ಕಡೆಯ ಸಂಬಂಧಿಕರ ಮನೆಯಲ್ಲಿ ಕುಬಸವಿತ್ತು. “ಒಂದ ತುತ್ತಿಗೆ ಏನಾಗ್ತೈತಿ ಅಕ್ಕಾರ, ಹಾಲಾಗ ಅದ್ದಿ ತಿನ್ರಿ” ಎಂದು ಹೋಳಿಗೆಯ ತುಣುಕನ್ನು ಅವಳ ಬಾಯಿಗೇ ಇಟ್ಟರು. ನಾನು ಪಕ್ಕದ ಪಂಕ್ತಿಯಲ್ಲಿದ್ದೆ. ಮೈದಾ ಕಣಕ ಹಾಲಿನಲ್ಲಿ ನೆನೆದು ಅಂಟಂಟಾಗಿ ಕೊಳವೆಯಲ್ಲಿ ಸಿಕ್ಕಿಕೊಂಡಿತು. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಎರಡು ರಾತ್ರಿ ನೀರೂ ನಿಲ್ಲಲಿಲ್ಲ. ಅದಾದ ಮೇಲೆ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಈ ನಾಲ್ಕು ವಾರ ಸಮಾರಂಭಗಳಿಗೆ ಹೋಗಬೇಡಿ. ಹೋಗಲೇಬೇಕಾದರೆ ಊಟ ಮುಗಿದ ಹೊತ್ತಿಗೆ ಹೋಗಿ, ಕುಂಕುಮ ಹಚ್ಚಿಸಿಕೊಂಡು ಬನ್ನಿ.

ವಾಂತಿ ಒಂದು ದಿನ ದಾಟಿದರೆ ಅದನ್ನು ಹಗುರವಾಗಿ ಕಾಣಬಾರದು. ಊರಿನ ದವಾಖಾನೆಗೆ ಹೋದರೆ ಸಾಮಾನ್ಯವಾಗಿ ಗ್ಲುಕೋಸ್ ಬಾಟಲಿ ಏರಿಸುತ್ತಾರೆ. ಆದರೆ ಬಹಳ ದಿನ ಸರಿಯಾಗಿ ಉಣ್ಣದೆ ವಾಂತಿ ಮಾಡಿಕೊಂಡವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. “ನನಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆ, ಮೊದಲು ಥಯಾಮಿನ್ ಕೊಡಿ” ಎಂದು ಬಾಯಿಬಿಟ್ಟು ಹೇಳಿ. ಕಣ್ಣಿಗೆ ಎರಡೆರಡು ಕಂಡರೆ, ನಡಿಗೆ ತೂರಾಡಿದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ರೊಟ್ಟಿ ಯಾವಾಗ?

ಎಲ್ಲರೂ ಕೇಳುವ ಪ್ರಶ್ನೆ ಇದು. ಆರರಿಂದ ಎಂಟು ವಾರದ ನಂತರ ಒಂದೊಂದೇ ಹೊಸ ಪದಾರ್ಥವನ್ನು, ದಿನಕ್ಕೊಂದರಂತೆ ಸೇರಿಸುತ್ತ ಹೋಗಿ. ಮೆತ್ತನೆಯ ಚಪಾತಿ ಸುಲಭವೆಂದು ತೋರಿದರೂ ಅಗಿದಂತೆ ಮುದ್ದೆಯಾಗಿ ಅಂಟಿಕೊಳ್ಳುತ್ತದೆ; ಅನ್ನವೂ ಹಲವರಿಗೆ ಕೂಡುವುದಿಲ್ಲ. ಜೋಳದ ಖಡಕ್ ರೊಟ್ಟಿಯ ಬೆರಳಗಲದ ಚೂರನ್ನು ಪುಡಿಯಾಗುವವರೆಗೆ ಅಗಿದು ನುಂಗುವುದೇ ಹಿತವೆಂದು ನನ್ನ ಅನುಭವ. ಮೂರನೆಯ ವಾರದಲ್ಲಿ ಮಾತ್ರ ಅದನ್ನು ಮುಟ್ಟಬಾರದು.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, ಆದ್ದರಿಂದ ಬಟ್ಟಲಿನಲ್ಲಿ ಮೊದಲು ಅದನ್ನೇ ತಿನ್ನಬೇಕು. ಎರಡು ಮೊಟ್ಟೆಯಿಂದ 12, ಒಂದು ಲೋಟ ಹಾಲಿನಿಂದ 6, ಹೆಸರುಬೇಳೆಯಿಂದ 12, 50 ಗ್ರಾಂ ಪನೀರಿನಿಂದ 9, 20 ಗ್ರಾಂ ಸೋಯಾ ಚೂರಿನಿಂದ 10, ಒಂದು ಬಟ್ಟಲು ಮೊಸರಿನಿಂದ 5, ಎರಡು ಚಮಚ ಸಪ್ಪೆ ಶೇಂಗಾ ಪುಡಿಯಿಂದ 5 ಗ್ರಾಂ ಎಂದು ಕೂಡಿಸಿದರೂ 59 ಆಗುತ್ತದೆ. ಮೊಟ್ಟೆ ಮುಟ್ಟದ ಮನೆಗಳಲ್ಲಿ ಮೊದಲ ಕೆಲವು ತಿಂಗಳು ಒಳ್ಳೆಯ ಪ್ರೋಟೀನ್ ಪುಡಿ ಇಲ್ಲದೆ ಇದು ತುಂಬುವುದಿಲ್ಲ.

ಕುಂದಾ, ಕರದಂಟು, ಗೋಧಿ ಹುಗ್ಗಿ ನಮ್ಮ ನಾಡಿನ ಹೆಮ್ಮೆಯೇ ಹೌದು. ಆದರೆ, ವಿಶೇಷವಾಗಿ ಬೈಪಾಸ್ ಆದವರಲ್ಲಿ, ಸಿಹಿ ನೇರವಾಗಿ ಸಣ್ಣ ಕರುಳಿಗೆ ಇಳಿದು ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆ ಮುರಿತ, ಭೇದಿ ತರುತ್ತದೆ. ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುವುದೂ ಉಂಟು.

ಜೀವನಪೂರ್ತಿ ಮಾತ್ರೆ

ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಎಂದಿಗೂ ನಿಲ್ಲಿಸುವಂತಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರವಿರಲಿ, ಕಬ್ಬಿಣದ ಮಾತ್ರೆಯ ಜೊತೆಗೆ ಚಹಾ ಬೇಡ. ಚಾಕಲೇಟಿನಂತೆ ಅಗಿಯುವ ಬಣ್ಣದ ಗಮ್ಮಿಗಳಲ್ಲಿ ಕಬ್ಬಿಣ ಬಹುಮಟ್ಟಿಗೆ ಇರುವುದೇ ಇಲ್ಲ, ಅವುಗಳನ್ನು ನಂಬಬೇಡಿ. ಮೂರನೆಯ ತಿಂಗಳಿನಿಂದ ಆರನೆಯ ತಿಂಗಳವರೆಗೆ ಕೂದಲು ಉದುರುವುದನ್ನು ಕಂಡು ಹೆದರುವವರಿಗೆ, ಅದು ಸಾಮಾನ್ಯವಾಗಿ ತಾತ್ಕಾಲಿಕವೆಂದು ಹೇಳುತ್ತೇನೆ. ಎಣ್ಣೆ ಬದಲಿಸುವುದಕ್ಕಿಂತ ಪ್ರೋಟೀನ್ ಲೆಕ್ಕವನ್ನು ನೋಡಿಕೊಳ್ಳಿ. ಗರ್ಭಧಾರಣೆಯನ್ನು 12ರಿಂದ 18 ತಿಂಗಳು ಮುಂದೂಡಬೇಕು. ಮೂರು, ಆರು, ಹನ್ನೆರಡನೆಯ ತಿಂಗಳಿಗೆ, ಆ ಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಮೊಣಕಾಲು ನೋವಿಗೆಂದು ಔಷಧದ ಅಂಗಡಿಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಂಡು ನುಂಗಬೇಡಿ, ಬೈಪಾಸ್ ಆದವರಿಗೆ ಇವು ಹುಣ್ಣು ತರುತ್ತವೆ. ನಿಮಗೆ ಆಗಿರುವುದು ಸ್ಲೀವೋ ಬೈಪಾಸೋ ಎಂಬುದು, ಆದ ದಿನಾಂಕ ಮತ್ತು ಶಸ್ತ್ರಚಿಕಿತ್ಸಕರ ಫೋನ್ ನಂಬರ್ ಇರುವ ಒಂದು ಚೀಟಿಯನ್ನು ಪರ್ಸಿನಲ್ಲಿಡಿ, ಆಸ್ಪತ್ರೆಯ ಬಿಡುಗಡೆ ಪತ್ರದ ಫೋಟೋವನ್ನು ನಿಮ್ಮ ಮತ್ತು ಮನೆಯ ಇನ್ನೊಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾವ ಊರಿನ ಯಾವ ವೈದ್ಯರ ಬಳಿ ಯಾವ ಕಾಯಿಲೆಗೆ ಹೋದರೂ, ಕುರ್ಚಿಯಲ್ಲಿ ಕೂತ ಕೂಡಲೇ ಮೊದಲು ಅದನ್ನು ತೋರಿಸಿ.